ಮೂಕಚಿತ್ರದಲ್ಲಿ ನಿಂತವರು

ಕರಾಟೆಯ ತವರಾದ ಒಕಿನಾವಾ ದ್ವೀಪ 1945ರ ಯುದ್ಧದಲ್ಲಿ ಬೂದಿಯಾಯಿತು. ಮನೆಗಳೊಡನೆ ಹಳೆಯ ಕಡತಗಳೂ ಛಾಯಾಚಿತ್ರಗಳೂ ಉರಿದುಹೋದವು. ಆಮೇಲೆ 1972ರ ಮೇ ತಿಂಗಳವರೆಗೆ ಅಲ್ಲಿ ಅಮೆರಿಕದ ಆಡಳಿತ. ಅಲ್ಲಿ ಬೀಡುಬಿಟ್ಟ ಸೈನಿಕರಲ್ಲಿ ಕೆಲವರು ಬಿಡುವಿನ ವೇಳೆ ಹಳ್ಳಿಯ ಗುರುಗಳ ಅಂಗಳಕ್ಕೆ ಹೋಗಿ ಈ ವಿದ್ಯೆ ಕಲಿತರು. ಕೆಲವರು ಎಂಟು ಮಿಲಿಮೀಟರಿನ ಪುಟ್ಟ ಕ್ಯಾಮೆರಾ ಹಿಡಿದು ಚಿತ್ರ ತೆಗೆದರು. ಆ ಸುರುಳಿಗಳಲ್ಲಿ ಹಲವು ಉಳಿದಿವೆ. ಶಬ್ದವಿಲ್ಲ, ತಾರೀಖಿಲ್ಲ, ಹೆಸರಿಲ್ಲ.

ಅವುಗಳಲ್ಲಿ ಕಾಣುವ ಪರದೇಶಿ ಶಿಷ್ಯ ಯಾರೆಂದು ಗುರುತಿಸುವ ಕೆಲಸ, ನನಗೆ ತೋರುವಂತೆ, ಕವಿಯ ಹೆಸರಿಲ್ಲದ ಓಲೆಗರಿಯ ಕಟ್ಟನ್ನು ಬಿಚ್ಚಿದ ಹಾಗೆ. ಬಲ್ಲ ಸಂಪಾದಕ ಮೊದಲು ಕವಿಯನ್ನು ಹುಡುಕುವುದಿಲ್ಲ, ಗರಿಯನ್ನು ನೋಡುತ್ತಾನೆ. ಪ್ರತಿಮಾಡುವಾಗ ಸುರುಳಿ ಮಗುಚಿದ್ದರೆ ಎಡ ಬಲವಾಗುತ್ತದೆ. ಇದಕ್ಕೆ ಉಡುಪೇ ಸಾಕ್ಷಿ. ಜಪಾನಿನಲ್ಲಿ ಅಂಗಿಯ ಎಡ ಸೆರಗು ಬಲದ ಮೇಲೆ ಬರಬೇಕು. ಬಲ ಸೆರಗು ಮೇಲೆ ಬರುವುದು ಹೆಣಕ್ಕೆ ಉಡಿಸುವಾಗ. ಸಾಲಾಗಿ ನಿಂತವರೆಲ್ಲ ಹೆಣದ ಉಡುಪಿನಲ್ಲಿ ಕಂಡರೆ ತಪ್ಪು ಲಿಪಿಕಾರನದೇ ಸರಿ!

ಕೊಡಾಕ್ ಕಂಪನಿ ಫಿಲ್ಮಿನ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನಗಳಿಂದ ತಯಾರಿಕೆಯ ವರ್ಷವನ್ನು ಸೂಚಿಸುತ್ತಿತ್ತು. ಆದರೆ ಆ ಗುರುತು ಇಪ್ಪತ್ತು ವರ್ಷಕ್ಕೊಮ್ಮೆ ಮರಳುತ್ತಿತ್ತು. ಶಕವರ್ಷ ಹೇಳದೆ ಸಂವತ್ಸರವನ್ನಷ್ಟೇ ಹೇಳುವ ಶಾಸನ ನಮ್ಮನ್ನು ಕಾಡುವುದಿಲ್ಲವೆ? ಹಾಗೆಯೇ ಇದೂ: ಒಂದೇ ಗುರುತು 1945 ಆಗಬಹುದು, 1965 ಆಗಬಹುದು. ಸುರುಳಿ ಸೂಪರ್ ಎಂಟು ಜಾತಿಯದಾದರೆ ಸಂಶಯ ಹರಿಯಿತು; ಅದು ಮಾರುಕಟ್ಟೆಗೆ ಬಂದುದೇ 1965ರಲ್ಲಿ.

ಇನ್ನು ಸಂಪ್ರದಾಯ. ಸಾಂಚಿನ್ ಎಂಬ ಕ್ರಮವನ್ನು ಗೋಜು ಪಂಥದವರು ಮುಷ್ಟಿ ಬಿಗಿದು, ಉಯೆಚಿ ಪಂಥದವರು ಅಂಗೈ ತೆರೆದು ಆಡುತ್ತಾರೆ. ಹೆಬ್ಬೆರಳು ಮೇಲಾಗಿ ಮುಷ್ಟಿಯನ್ನು ನೆಟ್ಟಗೆ ಹೊಡೆದರೆ, ಅದು ತತ್ಸುವೊ ಶಿಮಾಬುಕು 1956ರಲ್ಲಿ ಹೆಸರಿಟ್ಟ ಇಶ್ಶಿನ್ ಪಂಥವೆಂದು ಊಹಿಸಬಹುದು. ಅಗೇನಾದ ಅವರ ಅಂಗಳದಲ್ಲಿ ಅಮೆರಿಕದ ನೌಕಾಪದಾತಿಯ ಸೈನಿಕರು ಬಹಳ ಮಂದಿ ಕಲಿತರು.

ಇಷ್ಟಾದ ಮೇಲಷ್ಟೇ ಮುಖ. ಉಯೆಚಿ ವಿದ್ಯೆಯನ್ನು ಕಲಿತ ಮೊದಲ ಅಮೆರಿಕನ್ನರಲ್ಲಿ ಒಬ್ಬರಾದ ಜಾರ್ಜ್ ಮ್ಯಾಟ್ಸನ್ 1956ರಲ್ಲಿ ಆರಂಭಿಸಿ 1958ರಲ್ಲಿ ಸ್ವದೇಶಕ್ಕೆ ಮರಳಿದರು. ಅವರ ಆ ಶಿಷ್ಯವೃತ್ತಿಯ ಚಿತ್ರವೆಂದು ಯಾರಾದರೂ ಸೂಪರ್ ಎಂಟನ್ನು ತೋರಿಸಿದರೆ, ಮುಖ ಎಷ್ಟೇ ಹೋಲಲಿ, ಒಪ್ಪಲಾಗದು. ಸೈನಿಕರಿಗೆಲ್ಲ ಒಂದೇ ಪ್ರಾಯ, ಒಂದೇ ಕ್ಷೌರ. ಹೋಲಿಕೆಗೆ ಏನು ಬೆಲೆ? ಆದರೂ ಜನ ಅದನ್ನೇ ನೆಚ್ಚುತ್ತಾರೆ. ಗುರುಪರಂಪರೆಯೇ ಬಂಡವಾಳವಾದ ವಿದ್ಯೆಯಲ್ಲಿ ಒಂದು ತಪ್ಪು ಹೆಸರು ಇಲ್ಲದ ಪರಂಪರೆಯನ್ನೇ ಹುಟ್ಟಿಸೀತು.

ನನ್ನನ್ನು ಕಾಡುವುದು ಇನ್ನೊಂದು. ಎಲ್ಲರೂ ಕೇಳುವುದು ಆ ಎತ್ತರದ ಬಿಳಿಯನ ಹೆಸರನ್ನು. ಅವನ ಮೊಣಕೈಯನ್ನು ತಿದ್ದಿ ನಿಲ್ಲಿಸುವ ಒಕಿನಾವಾದ ಹುಡುಗ ಯಾರು? ಸೈನಿಕನ ಸುಳಿವಿಗೆ ಸೇನೆಯ ಪಟ್ಟಿಗಳಾದರೂ ಉಂಟು. ಈ ಹುಡುಗನಿಗಾಗಿ ಚಿತ್ರವನ್ನು ಹಿಡಿದು ಅಲ್ಲಿನ ಹಳ್ಳಿಗಳ ಹಿರಿಯರ ಮನೆಬಾಗಿಲಿಗೇ ಹೋಗಬೇಕು. 1956ರಲ್ಲಿ ಇಪ್ಪತ್ತರವರಾಗಿದ್ದವರು ಈಗ ತೊಂಬತ್ತರ ಅಂಚಿನಲ್ಲಿದ್ದಾರೆ.