ಆಂಗ್ಲಭಾಷೆಯ ಪ್ರಾಬಲ್ಯ ಮತ್ತು ಗಡಿನಾಡಿನ ಕನ್ನಡ

ಪ್ರಬಲ ಭಾಷೆಯೊಂದು ಇನ್ನೊಂದು ಭಾಷೆಯನ್ನು ಒಮ್ಮೆಲೆ ಅಳಿಸುವುದಿಲ್ಲ. ಅದು ಮಾಡುತ್ತಿದ್ದ ಕೆಲಸಗಳನ್ನು ಒಂದೊಂದಾಗಿ ಕಸಿದುಕೊಳ್ಳುತ್ತದೆ. ಮೊದಲು ಕಚೇರಿ, ಬಳಿಕ ಪಾಠಶಾಲೆ, ತರುವಾಯ ವ್ಯಾಪಾರ. ಕಡೆಗೆ ದೇಶಭಾಷೆಗೆ ಉಳಿಯುವುದು ಅಡುಗೆಮನೆಯೊಂದೇ. ಇಂದು ಜಗತ್ತಿನ ಅನೇಕ ದೇಶಗಳಲ್ಲಿ ಆಂಗ್ಲಭಾಷೆಯು ಹಬ್ಬುತ್ತಿರುವ ಕ್ರಮವಿದು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯು ಇಂತಹ ಸಂಕಟವನ್ನು ಬೇರೊಂದು ರೂಪದಲ್ಲಿ ಹಿಂದೆಯೇ ಕಂಡಿದೆ.

1818ರಲ್ಲಿ ಪೇಶ್ವೆಯರ ಆಳ್ವಿಕೆಯು ಕೊನೆಗೊಂಡ ಮೇಲೆಯೂ ಮುಂಬಯಿ ಪ್ರಾಂತದ ಈ ಭಾಗದ ಕಚೇರಿ, ಶಾಲೆಗಳಲ್ಲಿ ಮರಾಠಿಯೇ ಬಹುಕಾಲ ನಡೆಯಿತು. ಮನೆಯಲ್ಲಿ ಕನ್ನಡವಾಡುವ ಮಗುವು ಶಾಲೆಯಲ್ಲಿ ಮರಾಠಿಯ ಅಕ್ಷರ ತಿದ್ದಬೇಕಾಗಿತ್ತು. 1860ರ ದಶಕದಲ್ಲಿ ಶಿಕ್ಷಣಾಧಿಕಾರಿ ರಸೆಲ್ ಅವರೂ ಡೆಪ್ಯುಟಿ ಚನ್ನಬಸಪ್ಪನವರೂ ಕನ್ನಡ ಶಾಲೆಗಳನ್ನು ಬೆಳೆಸಿ ಈ ಸ್ಥಿತಿಯನ್ನು ಬದಲಿಸಿದರು. ಚನ್ನಬಸಪ್ಪನವರು ಆಂಗ್ಲಭಾಷೆಯನ್ನು ಬಲ್ಲವರು. ಷೇಕ್ಸ್‌ಪಿಯರನ ನಾಟಕವನ್ನು ಕನ್ನಡಕ್ಕೆ ತಂದವರು. ಪರಭಾಷೆಯ ಜ್ಞಾನವು ಅವರ ಕೈಯಲ್ಲಿ ಸ್ವಭಾಷೆಗೆ ಗೊಬ್ಬರವಾಯಿತು.

ಕಚೇರಿಯಲ್ಲಿ ಎಡೆಯಿಲ್ಲದ ಕಾಲದಲ್ಲಿ ಕನ್ನಡವನ್ನು ಕಾಯ್ದುಕೊಂಡುದು ಜನಪದ ರಂಗಭೂಮಿ ಮತ್ತು ಮಠಗಳು. ಅವಿಭಜಿತ ಗೋಕಾಕ ತಾಲೂಕಿನ ಕುಲಗೋಡ ತಮ್ಮಣ್ಣನು ರಂಗಕ್ಕೆ ರೂಪಿಸಿದ ಶ್ರೀಕೃಷ್ಣ ಪಾರಿಜಾತವು ಕೌಜಲಗಿ ನಿಂಗಮ್ಮನಂತಹ ಕಲಾವಿದೆಯರಿಂದ ಮನೆಮಾತಾಯಿತು. ಅಲ್ಲಿ ಪುರಾಣದ ದೇವರೊಡನೆ ದೂತಿಯು ಊರಿನ ಆಡುನುಡಿಯಲ್ಲಿಯೇ ವಾದಕ್ಕಿಳಿಯುತ್ತಾಳೆ. ಇದೇ ಸೀಮೆಯ ಬೆಟಗೇರಿಯಲ್ಲಿ 1900ರಲ್ಲಿ ಜನಿಸಿದ ಕೃಷ್ಣಶರ್ಮರು ‘ಆನಂದಕಂದ’ರೆಂಬ ಹೆಸರಿನಿಂದ ಆ ನುಡಿಗೆ ಕಾವ್ಯದ ಗೌರವವನ್ನು ತಂದುಕೊಟ್ಟರು.

ಸ್ವಾತಂತ್ರ್ಯಾನಂತರ ಪ್ರಶ್ನೆಯು ಶಾಲೆಗೆ ಮರಳಿತು. 1980ರಲ್ಲಿ ನೇಮಕವಾದ ಡಾ. ವಿನಾಯಕ ಕೃಷ್ಣ ಗೋಕಾಕರ ಸಮಿತಿಯು ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದು 1981ರಲ್ಲಿ ವರದಿಯಿತ್ತಿತು. ಅದರ ಜಾರಿಗಾಗಿ ನಾಡೇ ಬೀದಿಗಿಳಿಯಿತು. ಆ ಚಳವಳಿಯ ಹೆಸರು ಊರಿನಿಂದಲ್ಲ, ಅಧ್ಯಕ್ಷರ ಮನೆತನದ ಹೆಸರಿನಿಂದ ಬಂದುದು. ಮುಂದೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಗೊಳಿಸಿದ 1994ರ ಸರಕಾರಿ ಆಜ್ಞೆಯು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಮಾಧ್ಯಮದ ಆಯ್ಕೆಯು ಪಾಲಕರದೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪಿತ್ತಿತು.

ಹೀಗಾಗಿ ಕಾನೂನು ಹೊರುತ್ತಿದ್ದ ಭಾರವು ಈಗ ಮನೆ ಮತ್ತು ಸಮಾಜಗಳ ಹೆಗಲೇರಿದೆ. ಉದ್ಯೋಗದ ಆಸೆಯಿಂದ ಮಗುವನ್ನು ಆಂಗ್ಲಮಾಧ್ಯಮಕ್ಕೆ ಕಳುಹುವ ಬಡ ಪಾಲಕರನ್ನು ದೂಷಿಸುವುದು ತರವಲ್ಲ. ಹುಕ್ಕೇರಿ ತಾಲೂಕಿನ ನಿಡಸೋಸಿಯಲ್ಲಿ ಮಠದ ಆಶ್ರಯದಲ್ಲಿಯೇ ತಾಂತ್ರಿಕ ಮಹಾವಿದ್ಯಾಲಯವಿದೆ. ಅಂತಹ ವಿದ್ಯೆಗೆ ಇಂದು ಆಂಗ್ಲವು ಬೇಕೇ ಬೇಕು. ಆದರೆ ಆಂಗ್ಲವನ್ನು ಕಲಿಯುವುದು ಬೇರೆ, ಕನ್ನಡವನ್ನು ಬಿಡುವುದು ಬೇರೆ.

ಇಲ್ಲಿ ಶರಣರ ನಿದರ್ಶನವು ದಾರಿ ತೋರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಅವರು ಸಂಸ್ಕೃತಕ್ಕೆ ಮೀಸಲೆನಿಸಿದ್ದ ಗಹನ ತತ್ತ್ವವನ್ನು ಕಾಯಕಜೀವಿಗಳ ಕನ್ನಡಕ್ಕೆ ವಹಿಸಿದರು. ಭಾರ ಹೊತ್ತಂತೆ ನುಡಿಯು ಬಲವಾಯಿತು. ಇಂದಿನ ವಿಜ್ಞಾನ, ವೈದ್ಯ, ಕೃಷಿ, ನ್ಯಾಯಗಳ ಭಾರವನ್ನೂ ಕನ್ನಡದ ಮೇಲೆ ಹೊರಿಸಬೇಕು. ಕೆಲಸವಿರುವ ಭಾಷೆಗೆ ಆಯುಷ್ಯವಿರುತ್ತದೆ. ಬರಿಯ ಅಭಿಮಾನವು ಅದನ್ನು ಬಹುಕಾಲ ಕಾಯಲಾರದು.