ಸುಳ್ಳು ಹೇಳುವುದು ಸೆನ್ಸರೋ, ವೈರೋ?

ಸೊಲ್ಲಾಪುರದಿಂದ ಪುಣೆಯ ಕಡೆಗೂ ವಿಜಯಪುರದ ಕಡೆಗೂ ಹೈದರಾಬಾದಿನ ಕಡೆಗೂ ಹೊರಡುವ ಹೆದ್ದಾರಿಗಳ ಬದಿಯಲ್ಲಿ ಲಾರಿ ಗ್ಯಾರೇಜುಗಳಿಗೆ ಕೊರತೆಯಿಲ್ಲ. ತಂದೆ ಚಾಲಕನಾಗಿಯೋ ಅಣ್ಣ ಮಿಸ್ತ್ರಿಯಾಗಿಯೋ ದುಡಿಯುವ ಕನ್ನಡ ಮನೆಗಳು ಅಕ್ಕಲಕೋಟ, ಜತ್ತ ಭಾಗದವರಿಗೆ ಅಪರಿಚಿತವಲ್ಲ. ಇಂಥ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ಪದ ಬಳಕೆಗೆ ಬಂದಿದೆ: ‘ಸೆನ್ಸರ್ ಹೋಗಿದೆ’. ದೇಶದಾದ್ಯಂತ 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂದಮೇಲೆ ಡೀಸೆಲ್ ಎಂಜಿನ್ನಿಗೆ ಕಿವಿ, ಕಣ್ಣು, ಮೂಗುಗಳಂತೆ ಹಲವು ಸೆನ್ಸರುಗಳು ಬಂದು ಕೂತಿವೆ. ಎಂಜಿನ್ ಎಣ್ಣೆಯ ಬಿಸಿಯನ್ನು ಅಳೆಯುವ ಸೆನ್ಸರ್ ಅವುಗಳಲ್ಲಿ ಒಂದು. ಅದು ಕೆಟ್ಟಾಗ ಏನು ಮಾಡಬೇಕೆಂಬುದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಅದು ಕೆಟ್ಟಿದೆಯೆಂದು ತೀರ್ಮಾನಿಸುವ ಬಗೆಯಲ್ಲಿ ಒಂದು ತಿಂಗಳ ಗಳಿಕೆಯೂ ಕೆಲವೊಮ್ಮೆ ಇಡೀ ಎಂಜಿನ್ನೂ ಉಳಿಯುತ್ತದೆ ಅಥವಾ ಕಳೆದುಹೋಗುತ್ತದೆ.

ಎಣ್ಣೆಯ ಬಿಸಿ ಏಕೆ ಮುಖ್ಯ?

ಎಂಜಿನ್ನಿನೊಳಗೆ ಎಣ್ಣೆಗೆ ಎರಡು ಕೆಲಸಗಳಿವೆ. ಒಂದು, ಕ್ರ್ಯಾಂಕ್ ಶಾಫ್ಟ್ ಮತ್ತು ಬೇರಿಂಗುಗಳ ನಡುವೆ ತೆಳುವಾದ ಪದರವಾಗಿ ನಿಂತು ಲೋಹಕ್ಕೆ ಲೋಹ ತಾಗದಂತೆ ತಡೆಯುವುದು. ಎರಡು, ಪಿಸ್ಟನ್ನಿನಂಥ ನೀರು ತಲುಪಲಾರದ ಭಾಗಗಳ ಶಾಖವನ್ನು ಹೊತ್ತು ತರುವುದು. ಭಾರ ಹೊತ್ತು ಓಡುವ ಲಾರಿಯಲ್ಲಿ ಎಣ್ಣೆ ಸಾಮಾನ್ಯವಾಗಿ 90ರಿಂದ 110 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಅದು 120 ಡಿಗ್ರಿ ದಾಟಿ ಏರುತ್ತಲೇ ಹೋದರೆ ಎಣ್ಣೆ ನೀರಿನಂತೆ ತೆಳುವಾಗುತ್ತದೆ, ಒತ್ತಡ ಇಳಿಯುತ್ತದೆ, ಕಾಪಾಡುವ ಪದರ ಹರಿಯತೊಡಗುತ್ತದೆ. ನಿಖರವಾದ ಮಿತಿ ಆಯಾ ಎಂಜಿನ್ನಿನ ಕೈಪಿಡಿಯಲ್ಲಿರುತ್ತದೆ.

ಮುಂಬಯಿಯಲ್ಲಿ ಸರಕು ತುಂಬಿಕೊಂಡು ಮರಳುವಾಗ ಖಂಡಾಳಾ ಘಟ್ಟ ಏರುವ ಲಾರಿಗೆ ಈ ಸೆನ್ಸರಿನ ಮಾತು ಎಷ್ಟು ಅಗತ್ಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪದೇ ಪದೇ ಸುಳ್ಳು ಎಚ್ಚರಿಕೆ ಕೊಡುವ ದೀಪವನ್ನು ಚಾಲಕ ಕ್ರಮೇಣ ಅಲಕ್ಷಿಸುತ್ತಾನೆ. ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನ ಕತೆಯಂತೆ, ನಿಜವಾಗಿ ಎಣ್ಣೆ ಕಾದ ದಿನ ಆ ದೀಪವನ್ನು ನಂಬುವವರು ಯಾರೂ ಇರುವುದಿಲ್ಲ.

ಪುಟ್ಟ ಹಿತ್ತಾಳೆ ತುಂಡಿನ ಒಳಗೆ

ಈ ಸೆನ್ಸರ್ ಬೆರಳಷ್ಟು ಗಾತ್ರದ, ಹೆಚ್ಚಾಗಿ ಹಿತ್ತಾಳೆಯ, ಮರೆಯುಳ್ಳ ಬೋಲ್ಟಿನಂಥ ವಸ್ತು. ಅದರ ತುದಿಯಲ್ಲಿ ಥರ್ಮಿಸ್ಟರ್ ಎಂಬ ಕಾಳಿನಷ್ಟು ಭಾಗವಿದೆ. ಬಿಸಿ ಏರಿದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ. ತಾಮ್ರದ ತಂತಿಯಲ್ಲಿ ಬಿಸಿಯೊಂದಿಗೆ ರೋಧ ಏರುತ್ತದೆಂದು ಶಾಲೆಯಲ್ಲಿ ಕಲಿತ ಮಕ್ಕಳಿಗೆ ಇದು ಅಚ್ಚರಿಯೆನಿಸಬಹುದು. ಸಿಲ್ವರ್ ಸಲ್ಫೈಡ್ ಎಂಬ ವಸ್ತುವಿನಲ್ಲಿ ಈ ಉಲ್ಟಾ ನಡತೆಯನ್ನು 1833ರಲ್ಲಿ ಗುರುತಿಸಿದವನು ಮೈಕೆಲ್ ಫ್ಯಾರಡೆ. ಆತ ಕಮ್ಮಾರನ ಮಗ; ಹೆಚ್ಚಿನ ಶಾಲಾ ಶಿಕ್ಷಣವಿಲ್ಲದೆ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತ ಬೆಳೆದವನು.

ಬಳಕೆಯಲ್ಲಿರುವ ಒಂದು ಬಗೆಯ ಸೆನ್ಸರಿನಲ್ಲಿ 20 ಡಿಗ್ರಿಯಲ್ಲಿ ಸುಮಾರು 2,500 ಓಮ್ ಇರುವ ರೋಧ 100 ಡಿಗ್ರಿಯಲ್ಲಿ ಸುಮಾರು 186 ಓಮ್‌ಗೆ ಇಳಿಯುತ್ತದೆ. ಎಂಜಿನ್ನಿನ ಕಂಪ್ಯೂಟರು ತನ್ನೊಳಗಿನ ಒಂದು ಸ್ಥಿರ ರೋಧದ ಮೂಲಕ 5 ವೋಲ್ಟ್ ಕಳಿಸಿ, ಸೆನ್ಸರಿನ ಪಾಲಿಗೆ ಎಷ್ಟು ವೋಲ್ಟ್ ಬಂತೆಂದು ನೋಡುತ್ತದೆ. ಲೆಕ್ಕದ ಅನುಕೂಲಕ್ಕಾಗಿ ಆ ಸ್ಥಿರ ರೋಧವೂ 2,500 ಓಮ್ ಎಂದಿಟ್ಟುಕೊಳ್ಳೋಣ. 20 ಡಿಗ್ರಿಯಲ್ಲಿ ಸೆನ್ಸರಿಗೆ ಸರಿಯಾಗಿ ಅರ್ಧ, ಅಂದರೆ 2.5 ವೋಲ್ಟ್ ಬರುತ್ತದೆ. 100 ಡಿಗ್ರಿಯಲ್ಲಿ ಸುಮಾರು 0.35 ವೋಲ್ಟ್ ಮಾತ್ರ. ಪ್ರೌಢಶಾಲೆಯಲ್ಲಿ ಕಲಿಯುವ ಓಮ್‌ನ ನಿಯಮವಲ್ಲದೆ ಇದರಲ್ಲಿ ಬೇರೇನೂ ಇಲ್ಲ.

ಈಗ ವೈರು ತುಂಡಾಯಿತೆನ್ನಿ. ಕಂಪ್ಯೂಟರಿಗೆ ಪೂರ್ಣ 5 ವೋಲ್ಟ್ ಕಾಣುತ್ತದೆ. ಹೆಚ್ಚು ವೋಲ್ಟ್ ಎಂದರೆ ಹೆಚ್ಚು ರೋಧ, ಹೆಚ್ಚು ರೋಧ ಎಂದರೆ ಹೆಚ್ಚು ಚಳಿ ಎಂದು ಅದು ತಿಳಿಯುತ್ತದೆ. ಹೀಗಾಗಿ ಮೇ ತಿಂಗಳ ಸೊಲ್ಲಾಪುರದ ಉರಿಬಿಸಿಲಿನಲ್ಲಿಯೂ ಪರೀಕ್ಷಕ ಯಂತ್ರದ ಮೇಲೆ ‘ಮೈನಸ್ 40 ಡಿಗ್ರಿ’ ಎಂದು ಮೂಡುವುದುಂಟು. ಇದು ಎಣ್ಣೆಯ ಬಿಸಿಯಲ್ಲ, ಉತ್ತರ ಬರಲಿಲ್ಲವೆಂಬ ಸೂಚನೆ. ಎರಡು ವೈರುಗಳು ಒಂದಕ್ಕೊಂದು ತಾಗಿದರೆ ಇದಕ್ಕೆ ವಿರುದ್ಧವಾಗಿ, ತಣ್ಣಗಿರುವ ಎಂಜಿನ್ನೂ ಕುದಿಯುತ್ತಿದೆ ಎಂದು ತೋರುತ್ತದೆ. ಭಾರೀ ವಾಹನಗಳ ಸಾಮಾನ್ಯ ಸಂಕೇತ ಪದ್ಧತಿಯಲ್ಲಿ ಎಣ್ಣೆಯ ಉಷ್ಣತೆಗೆ 175 ಎಂಬ ಸಂಖ್ಯೆಯಿದೆ. ಅದರ ಜೊತೆಗೆ 3 ಬಂದರೆ ವೋಲ್ಟ್ ಮಿತಿಗಿಂತ ಹೆಚ್ಚು, 4 ಬಂದರೆ ಮಿತಿಗಿಂತ ಕಡಿಮೆ ಎಂದರ್ಥ. ‘ಸೆನ್ಸರ್ ಬದಲಿಸಿ’ ಎಂದು ಈ ಸಂಕೇತ ಎಲ್ಲಿಯೂ ಹೇಳುವುದಿಲ್ಲ. ಆ ಸಾಲಿನಲ್ಲಿ ಎಲ್ಲೋ ದೋಷವಿದೆಯೆಂದಷ್ಟೇ ಹೇಳುತ್ತದೆ. ಹೊಸ ಸೆನ್ಸರ್ ಹಾಕಿಸಿದ ಮರುದಿನವೇ ಅದೇ ದೀಪ ಮತ್ತೆ ಹೊತ್ತಿಕೊಳ್ಳುವುದು ಈ ವ್ಯತ್ಯಾಸವನ್ನು ಮರೆತಾಗಲೇ.

ಬದಲಿಸುವ ಮುನ್ನ

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಗ್ಯಾರೇಜಿನ ಗೋಡೆಯ ಮೇಲೆ ಬರೆದಿಡಲು ಯೋಗ್ಯವಾದುದು. ಪ್ರಮಾಣಿಸುವ ದಾರಿಗಳು ಕಷ್ಟದವಲ್ಲ.

ಮೊದಲನೆಯದಕ್ಕೆ ಖರ್ಚೇ ಇಲ್ಲ. ರಾತ್ರಿಯಿಡೀ ನಿಂತ ಲಾರಿಯಲ್ಲಿ ಬೆಳಿಗ್ಗೆ ಎಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಬೇಕು. ಆಗ ಎಣ್ಣೆ, ರೇಡಿಯೇಟರ್ ನೀರು, ಒಳಬರುವ ಗಾಳಿ ಈ ಮೂರರ ಬಿಸಿಯೂ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಎರಡು 28 ಡಿಗ್ರಿ ತೋರಿಸಿ ಎಣ್ಣೆಯೊಂದೇ 70 ತೋರಿಸಿದರೆ ಆ ಸಾಕ್ಷಿಯನ್ನು ಶಂಕಿಸಬೇಕು.

ಎರಡನೆಯದು ಕಣ್ಣಿನ ಪರೀಕ್ಷೆ. ಕನೆಕ್ಟರಿನೊಳಗೆ ಎಣ್ಣೆ ಇಳಿದಿದೆಯೇ, ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದೆಯೇ, ಬಿಗಿಹಿಡಿಯುವ ಕ್ಲಿಪ್ ಮುರಿದಿದೆಯೇ, ವೈರು ಎಲ್ಲಿಯಾದರೂ ಕಬ್ಬಿಣಕ್ಕೆ ಉಜ್ಜಿ ಸಿಪ್ಪೆ ಸುಲಿದಿದೆಯೇ ಎಂದು ನೋಡಬೇಕು. ಸದಾ ನಡುಗುವ ಎಂಜಿನ್ನಿನ ಮೇಲೆ ಸೆನ್ಸರಿಗಿಂತ ಮೊದಲು ವೈರು ಸೋಲುವುದು ಅಪರೂಪವಲ್ಲ.

ಮೂರನೆಯದು ನಿರ್ಣಾಯಕ. ಎರಡು ವೈರುಗಳ ಸೆನ್ಸರಿನಲ್ಲಿ ಕನೆಕ್ಟರನ್ನು ಬಿಡಿಸಿದಾಗ ಪರೀಕ್ಷಕ ಯಂತ್ರ ಅತಿ ಕಡಿಮೆ ಬಿಸಿಯನ್ನು ತೋರಿಸಬೇಕು. ವೈರಿನ ಕಡೆಯ ಆ ಎರಡು ಪಿನ್ನುಗಳನ್ನು ತುಂಡು ತಂತಿಯಿಂದ ಜೋಡಿಸಿದಾಗ ಅತಿ ಹೆಚ್ಚು ಬಿಸಿ ತೋರಿಸಬೇಕು. ಎರಡೂ ಸರಿಯಾಗಿ ನಡೆದರೆ ವೈರೂ ಕಂಪ್ಯೂಟರೂ ಸರಿಯಾಗಿವೆ, ತಪ್ಪು ಸೆನ್ಸರಿನದು. ಯಂತ್ರ ಅಲುಗಾಡದಿದ್ದರೆ ಸೆನ್ಸರ್ ನಿರಪರಾಧಿ. ಒತ್ತಡ ಮತ್ತು ಬಿಸಿ ಎರಡನ್ನೂ ಒಟ್ಟಿಗೆ ಅಳೆಯುವ, ಮೂರು ನಾಲ್ಕು ವೈರುಗಳ ಸೆನ್ಸರಿಗೆ ಈ ಜೋಡಣೆಯನ್ನು ಮಾಡಬಾರದು. ಅದಕ್ಕೆ ಕೈಪಿಡಿಯೇ ಗತಿ.

ಕೊನೆಯ ಮಾತು: ಸೆನ್ಸರ್ ನಿಜವನ್ನೇ ಹೇಳುತ್ತಿರಲೂಬಹುದು. ಎಣ್ಣೆ ಮತ್ತು ನೀರು ಎರಡೂ ಕಾದಿದ್ದರೆ ರೇಡಿಯೇಟರ್, ಫ್ಯಾನು, ನೀರಿನ ಮಟ್ಟ ನೋಡಬೇಕು. ಎಣ್ಣೆಯೊಂದೇ ಕಾದಿದ್ದರೆ ಎಣ್ಣೆಯ ಮಟ್ಟ, ಅದರ ದರ್ಜೆ, ಆಯಿಲ್ ಕೂಲರ್ ಕಟ್ಟಿಕೊಂಡಿದೆಯೇ ಎಂಬುದನ್ನು ನೋಡಬೇಕು. ಓಡುವಾಗ ಎಣ್ಣೆಯ ಒತ್ತಡದ ಕೆಂಪು ದೀಪವೂ ಹೊತ್ತಿದರೆ ಪರೀಕ್ಷೆಯ ಮಾತೇ ಇಲ್ಲ, ಸುರಕ್ಷಿತವಾದ ಕಡೆ ತಕ್ಷಣ ನಿಲ್ಲಿಸಿ ಎಂಜಿನ್ ಬಂದ್ ಮಾಡಬೇಕು.

ಬದಲಿಸುವ ಕ್ರಮ

ದೋಷ ಸೆನ್ಸರಿನದೇ ಎಂದು ಖಚಿತವಾದ ಮೇಲೆ ಕೆಲಸ ಸರಳ, ಆದರೆ ಅವಸರ ಸಲ್ಲದು. ಲಾರಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಟ್ಟು, ಬ್ಯಾಟರಿಯ ಸಂಪರ್ಕ ತಪ್ಪಿಸಬೇಕು. ಎಂಜಿನ್ ತಣಿಯಲು ಬಿಡಬೇಕು. 100 ಡಿಗ್ರಿಯ ಎಣ್ಣೆ ಕೈಮೇಲೆ ಬಿದ್ದರೆ ಚರ್ಮ ಸುಟ್ಟುಹೋಗುತ್ತದೆ. ಸೆನ್ಸರ್ ಎಣ್ಣೆಯ ಮಟ್ಟಕ್ಕಿಂತ ಮೇಲಿನ ಕಾಲುವೆಯಲ್ಲಿದ್ದರೆ ಬಿಚ್ಚಿದಾಗ ಸ್ವಲ್ಪ ಎಣ್ಣೆ ಮಾತ್ರ ಸೋರುತ್ತದೆ. ಕೆಳಗಿನ ಎಣ್ಣೆ ತೊಟ್ಟಿಯಲ್ಲಿದ್ದರೆ ಮೊದಲು ಎಣ್ಣೆಯನ್ನು ಶುದ್ಧವಾದ ಪಾತ್ರೆಗೆ ಇಳಿಸಬೇಕು.

ಸುತ್ತಲಿನ ಧೂಳನ್ನು ಒರೆಸಿದ ನಂತರವೇ ಬಿಚ್ಚಬೇಕು. ಒಂದು ಹರಳು ಮಣ್ಣು ಒಳಗಿಳಿದರೆ ಬೇರಿಂಗಿಗೆ ಗೀರು ಬೀಳುತ್ತದೆ. ಹೊಸ ಸೆನ್ಸರಿನ ನಂಬರ್ ಹಳೆಯದಕ್ಕೆ ಹೊಂದುತ್ತದೆಯೇ ಎಂದು ನೋಡಬೇಕು. ಮರೆ ಹೊಂದಿದ ಮಾತ್ರಕ್ಕೆ ಸಾಲದು. ಓಮ್ ಲೆಕ್ಕ ಬೇರೆಯಾಗಿದ್ದರೆ ಹೊಸ ಸೆನ್ಸರೂ ಸುಳ್ಳನ್ನೇ ಹೇಳುತ್ತದೆ. ತಾಮ್ರದ ವಾಷರ್ ಅಥವಾ ರಬ್ಬರ್ ಉಂಗುರ ಹೊಸದೇ ಇರಲಿ. ಹಳೆಯ ಲಾರಿಗಳ ಒಂಟಿ ವೈರಿನ ಸೆನ್ಸರಿಗೆ ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಸುತ್ತಬಾರದು. ಅಲ್ಲಿ ವಿದ್ಯುತ್ತು ಮರೆಗಳ ಮೂಲಕವೇ ಎಂಜಿನ್ನಿಗೆ ಹರಿಯಬೇಕು, ಟೇಪು ಅದಕ್ಕೆ ಅಡ್ಡಿಯಾಗುತ್ತದೆ. ಮೊದಲು ಬೆರಳಿನಿಂದ ತಿರುಗಿಸಿ ಮರೆ ಕೂಡಿಸಿ, ಆಮೇಲೆ ಕೈಪಿಡಿ ಹೇಳಿದಷ್ಟೇ ಬಿಗಿಯಬೇಕು. ಉದ್ದನೆಯ ಪಾನಾದಿಂದ ಬಲ ತೋರಿಸಿದರೆ ಹಿತ್ತಾಳೆ ಮುರಿದು ಅರ್ಧ ಒಳಗೇ ಉಳಿಯುತ್ತದೆ.

ಕಡೆಗೆ ಎಣ್ಣೆಯ ಮಟ್ಟ ಸರಿಪಡಿಸಿ, ಎಂಜಿನ್ ಚಾಲೂ ಮಾಡಿ, ಸೋರಿಕೆ ಇದೆಯೇ ನೋಡಿ, ಹಳೆಯ ದೋಷ ಸಂಕೇತವನ್ನು ಅಳಿಸಬೇಕು. ಬಿಸಿ ನಿಧಾನವಾಗಿ, ಜಿಗಿತವಿಲ್ಲದೆ ಏರಿದರೆ ಕೆಲಸ ಮುಗಿಯಿತು.

ಶಾಲೆಗೂ ಗ್ಯಾರೇಜಿಗೂ ನಡುವೆ

‘ಕನ್ನಡ ಶಾಲೆಯಲ್ಲಿ ಓದಿದವರಿಗೆ ಯಂತ್ರದ ಕೆಲಸ ಹೇಗೆ ಹತ್ತೀತು?’ ಎಂಬ ಅಳುಕು ಗಡಿಭಾಗದ ಪಾಲಕರಲ್ಲಿ ಇಲ್ಲದಿಲ್ಲ. ಮೇಲಿನ ಪರೀಕ್ಷೆಗಳನ್ನು ಇನ್ನೊಮ್ಮೆ ನೋಡಿದರೆ ಉತ್ತರ ಅಲ್ಲಿಯೇ ಇದೆ. ಬೇಕಾದದ್ದು ರೋಧ, ವಿಭವಾಂತರ, ಮಂಡಲ ಎಂಬ ಮೂರು ಕಲ್ಪನೆಗಳು. ಮೀಟರಿನ ಮೇಲೆ ಇಂಗ್ಲಿಷ್ ಹೆಸರಿರಬಹುದು. ಅಳತೆಯ ಅರ್ಥ ಕನ್ನಡದಲ್ಲಿ ಮನದಟ್ಟಾಗಿದ್ದರೆ ಹೆಸರು ಕಲಿಯಲು ಒಂದು ವಾರ ಸಾಕು. ಅರ್ಥವೇ ಇಲ್ಲದೆ ಹೆಸರನ್ನಷ್ಟೇ ಕಲಿತವನು ಮಾತ್ರ ಒಂದಾದ ಮೇಲೊಂದು ಸೆನ್ಸರ್ ಬದಲಿಸುತ್ತ ಗಿರಾಕಿಯ ಹಣ ಕಳೆಯುತ್ತಾನೆ. ಹತ್ತನೆಯ ತರಗತಿ ಪಾಸಾದವರಿಗೆ ಐ.ಟಿ.ಐ.ಗಳಲ್ಲಿ ಒಂದು ವರ್ಷದ ‘ಮೆಕ್ಯಾನಿಕ್ ಡೀಸೆಲ್’ ಶಿಕ್ಷಣವಿದೆ. ಓಮ್‌ನ ನಿಯಮವನ್ನು ತಿಳಿದು ಹೋದ ಹುಡುಗನಿಗೂ ಹುಡುಗಿಗೂ ಅಲ್ಲಿ ಅರ್ಧ ದಾರಿ ಸವೆದಿರುತ್ತದೆ.

ಆದ್ದರಿಂದ ಬಿಚ್ಚಿ ತೆಗೆದ ಹಳೆಯ ಸೆನ್ಸರನ್ನು ಗುಜರಿಗೆ ಎಸೆಯದೆ, ಎಣ್ಣೆ ಒರೆಸಿ ಮನೆಗೆ ತರುವುದು ಒಳ್ಳೆಯದು. ಎರಡು ಪಿನ್ನುಗಳಿಗೆ ಮಲ್ಟಿಮೀಟರ್ ಹಚ್ಚಿ, ಅದರ ತುದಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು, ಪಕ್ಕದಲ್ಲಿ ಪ್ರಯೋಗಶಾಲೆಯ ಉಷ್ಣತಾಮಾಪಕವನ್ನಿಟ್ಟು, ನೀರು ಆರುತ್ತಿದ್ದಂತೆ ಹತ್ತು ಡಿಗ್ರಿಗೊಮ್ಮೆ ಓಮ್ ಬರೆದುಕೊಂಡರೆ ಆಲೇಖ ಕಾಗದದ ಮೇಲೆ ಒಂದು ವಕ್ರರೇಖೆ ಮೂಡುತ್ತದೆ. ಕುದಿನೀರಿನ ಹತ್ತಿರ ದೊಡ್ಡವರು ಇರಲಿ. ರೇಖೆ ನಡುವೆ ಹರಿದರೆ ಅಥವಾ ಮೀಟರಿನಲ್ಲಿ ಅಂಕಿಯೇ ಬಾರದಿದ್ದರೆ ಮಿಸ್ತ್ರಿಯ ನಿರ್ಣಯ ಸರಿ. ನುಣುಪಾಗಿ ಮೂಡಿ ಕೈಪಿಡಿಯ ಅಂಕಿಗಳಿಗೂ ಹೊಂದಿದರೆ ಸೆನ್ಸರ್ ಚೆನ್ನಾಗಿಯೇ ಇತ್ತು, ದೋಷ ಇನ್ನೂ ಲಾರಿಯ ವೈರಿನಲ್ಲೇ ಉಳಿದಿದೆ. ಮುಂದಿನ ಘಟ್ಟ ಹತ್ತುವ ಮುನ್ನ ಅದನ್ನು ಹುಡುಕಬೇಕು.