ತೆರಿಗೆ ಕಟ್ಟುವವರು ಮತ್ತು ಆಯವ್ಯಯ: ಬೆಂಗಳೂರು ದಂಡು ಪ್ರದೇಶದಿಂದ ನಮಗೊಂದು ಪಾಠ

ತೋಟದ ಕೆಲಸದ ನಡುವೆ ಬೆಂಗಳೂರಿನ ನಗರಾಡಳಿತದ ವಿಚಾರ ನಮಗೇಕೆ ಎಂದು ಸದಸ್ಯ ಬಂಧುಗಳು ಕೇಳಬಹುದು. ಇದಕ್ಕೆ ಎರಡು ಕಾರಣಗಳಿವೆ. ನಮ್ಮಲ್ಲಿ ಅನೇಕರ ಮಕ್ಕಳು ಹಲಸೂರು, ಇಂದಿರಾನಗರ, ಕೃಷ್ಣರಾಜಪುರದ ಕಡೆ ನೆಲೆಸಿ, ಅಲ್ಲಿ ಮನೆ ಕಂದಾಯ ಕಟ್ಟುತ್ತಿದ್ದಾರೆ. ಅಲ್ಲದೆ, ಸಾರ್ವಜನಿಕ ಹಣ ಯಾವ ಕೆಲಸಕ್ಕೆ ಮೊದಲು ಹೋಗಬೇಕೆಂದು ಹೇಳುವ ಹಕ್ಕಿಗಾಗಿ ಆ ನಗರದ ನಿವಾಸಿಗಳು ಬಹುಕಾಲದಿಂದ ಹೆಣಗುತ್ತಿದ್ದಾರೆ. ಅದೇ ಹಕ್ಕು ಹಳ್ಳಿಗಳಲ್ಲಿರುವ ನಮಗೆ ಕಾನೂನಿನಿಂದಲೇ ದೊರೆತಿದ್ದರೂ ನಾವು ಅದನ್ನು ಬಳಸುತ್ತಿರುವುದು ಕಡಮೆ.

ಹಿನ್ನೆಲೆ

1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ದಂಡನ್ನು ನೆಲೆಗೊಳಿಸಿದ ಮೇಲೆ ಬೆಂಗಳೂರು ಎರಡು ಊರಾಯಿತು. 1862ರಲ್ಲಿ ಪೇಟೆಗೊಂದು, ದಂಡಿಗೊಂದು ಪುರಸಭೆ ಏರ್ಪಟ್ಟಿತು. ಪೇಟೆಯವರು ಮೈಸೂರು ಸಂಸ್ಥಾನದ ಪ್ರಜೆಗಳು. ಇಂದಿನ ಶಿವಾಜಿನಗರ, ಹಲಸೂರಿನವರು ಬ್ರಿಟಿಷರ ಆಡಳಿತಕ್ಕೆ ಒಳಪಟ್ಟವರು. ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದಾಗ ದಂಡಿನವರು ಅದರ ಹೊರಗೇ ಉಳಿದರು. ಆ ಸಭೆಗೂ ಮೊದಲಿಗೆ ಅಹವಾಲು ಹೇಳಿಕೊಳ್ಳುವ ಅವಕಾಶವಿತ್ತೇ ಹೊರತು ಹಣಕಾಸಿನ ಮೇಲೆ ಅಧಿಕಾರವಿರಲಿಲ್ಲ. ದಂಡು ಪ್ರದೇಶವು 1947ರಲ್ಲಿ ಮೈಸೂರಿಗೆ ಮರಳಿತು. 1949ರಲ್ಲಿ ಎರಡು ಪುರಸಭೆಗಳೂ ಕೂಡಿ ಒಂದೇ ನಗರಪಾಲಿಕೆಯಾಯಿತು.

ಅಹವಾಲು ಕೇಳುವುದು ಬೇರೆ, ಹಣದ ತೀರ್ಮಾನದಲ್ಲಿ ಪಾಲು ಕೊಡುವುದು ಬೇರೆ. ಮುಂದಿನ ಕಥೆಯೆಲ್ಲ ಈ ವ್ಯತ್ಯಾಸವನ್ನೇ ಕುರಿತದ್ದು.

ವಾರ್ಡ್ ಸಮಿತಿ ಎಂದರೇನು?

ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಿತು. ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯುಳ್ಳ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರತಕ್ಕದ್ದು ಎಂದು ಅದು ವಿಧಿಸಿತು. ಬೆಂಗಳೂರಿನಲ್ಲಿ 1999ರಲ್ಲಿ 30 ಸಮಿತಿಗಳು ರಚನೆಯಾದವು. ಆಗ ಇದ್ದ ವಾರ್ಡುಗಳು 100. ಎಂದರೆ ಮೂರು ನಾಲ್ಕು ವಾರ್ಡುಗಳಿಗೆ ಒಂದು ಸಮಿತಿ. ಇಷ್ಟು ದೂರದ ಸಮಿತಿಗೆ ಒಂದು ಬೀದಿಯ ಚರಂಡಿಯ ಕಷ್ಟ ಹೇಗೆ ಗೊತ್ತಾದೀತು? ವಾರ್ಡಿಗೊಂದು ಸಮಿತಿ ಎಂಬ ನಿಯಮ ಬಂದದ್ದು ಆಮೇಲೆ. ಆ ವಾರ್ಡಿನ ಪಾಲಿಕೆ ಸದಸ್ಯರೇ ಅಧ್ಯಕ್ಷರು. ಹತ್ತು ಮಂದಿ ಸದಸ್ಯರಲ್ಲಿ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಬೇಕೆಂದು ಗೊತ್ತುಪಡಿಸಲಾಯಿತು. ಕಸ ವಿಲೇವಾರಿಯ ಮೊಕದ್ದಮೆಯಲ್ಲಿ ಉಚ್ಚ ನ್ಯಾಯಾಲಯ ಒತ್ತಾಯಿಸಿದ ಮೇಲೆಯೇ ಈ ಸಮಿತಿಗಳಿಗೆ ಜೀವ ಬಂದದ್ದು. 2018ರ ಕೊನೆಯಿಂದ ತಿಂಗಳ ಮೊದಲ ಶನಿವಾರ ಸಭೆ ಸೇರುವ ಪದ್ಧತಿ ಆರಂಭವಾಯಿತು.

ಲೆಕ್ಕ ಕೇಳಿದವರು

ಕಾನೂನು ಕಾಗದದಲ್ಲಿದ್ದ ಕಾಲದಲ್ಲೂ ನಿವಾಸಿಗಳು ಸುಮ್ಮನಿರಲಿಲ್ಲ. ಸ್ಯಾಮ್ಯುಯೆಲ್ ಪಾಲ್ ಅವರು ಸ್ಥಾಪಿಸಿದ ಪಬ್ಲಿಕ್ ಅಫೇರ್ಸ್ ಸೆಂಟರ್ 1994ರಲ್ಲಿ ನೀರು, ವಿದ್ಯುತ್ತು, ಪಾಲಿಕೆ ಮುಂತಾದ ಸೇವೆಗಳಿಗೆ ಜನರಿಂದಲೇ ಅಂಕ ಹಾಕಿಸಿ, ಶಾಲೆಯ ಮಕ್ಕಳ ಪ್ರಗತಿ ಪತ್ರದಂತೆ ಪ್ರಕಟಿಸಿತು. 1999ರಲ್ಲೂ 2003ರಲ್ಲೂ ಮತ್ತೆ ಹಾಗೆಯೇ ಮಾಡಿತು. 2001ರ ಕೊನೆಯಲ್ಲಿ ಆರಂಭವಾದ ಜನಾಗ್ರಹ ಸಂಸ್ಥೆಯು ವಾರ್ಡಿನ ಕಾಮಗಾರಿಗಳ ಪಟ್ಟಿಯನ್ನು ಜನರ ಮುಂದಿಟ್ಟು, ಯಾವುದು ಮೊದಲಾಗಬೇಕೆಂದು ಅವರಿಂದಲೇ ಹೇಳಿಸುವ ಪ್ರಯತ್ನ ಮಾಡಿತು. 2002ರ ಜುಲೈಯಲ್ಲಿ ಈ ಎರಡು ಸಂಸ್ಥೆಗಳೂ ವಾಯ್ಸಸ್ ಮತ್ತು ಅಕ್ಷರ ಪ್ರತಿಷ್ಠಾನಗಳೂ ಕೂಡಿ, ಪಾಲಿಕೆಯ ಜಮಾ-ಖರ್ಚನ್ನು ಮೂರು ತಿಂಗಳಿಗೊಮ್ಮೆ ಬಹಿರಂಗವಾಗಿ ಚರ್ಚಿಸುವ 'ಪ್ರೂಫ್' ಆಂದೋಲನವನ್ನು ಹೂಡಿದವು.

ಸಹಕಾರ ಸಂಘದ ಸದಸ್ಯರಿಗೆ ಇದು ಹೊಸದಲ್ಲ. ನಮ್ಮ ಸರ್ವಸಾಧಾರಣ ಸಭೆಯಲ್ಲಿ ಅಡಾವೆ ಪತ್ರಿಕೆಯನ್ನು ಎಲ್ಲರ ಕೈಗೂ ಕೊಟ್ಟು, ಸಾಗಣೆ ವೆಚ್ಚ ಏಕೆ ಏರಿತೆಂದು ಯಾವ ಸದಸ್ಯನಾದರೂ ಎದ್ದು ಕೇಳಬಹುದು. ಬೆಂಗಳೂರಿನವರು ಬಯಸಿದ್ದೂ ಇಷ್ಟೆ. ಈ ಕೇಳುವಿಕೆ ಇಲ್ಲದಿದ್ದರೆ 'ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ' ಎಂಬ ಗಾದೆಯೇ ಗತಿ.

ಎಷ್ಟು ಹಣ?

2021-22ರ ಸಾಲಿನಲ್ಲಿ ಪಾಲಿಕೆಯು ವಾರ್ಡಿಗೆ 60 ಲಕ್ಷ ರೂಪಾಯಿಯನ್ನು ವಾರ್ಡ್ ಸಮಿತಿಯ ಸಲಹೆಯಂತೆ ವಿನಿಯೋಗಿಸಲು ತೆಗೆದಿರಿಸಿತು. ಹೆಜ್ಜೆಯೇನೋ ಒಳ್ಳೆಯದು. ಆದರೆ ಲೆಕ್ಕ ಹಾಕಿ ನೋಡಿ: 198 ವಾರ್ಡುಗಳಿಗೆ ಒಟ್ಟು ಸುಮಾರು 119 ಕೋಟಿ, ಆ ಸಾಲಿನ ಆಯವ್ಯಯ ಸುಮಾರು 9,300 ಕೋಟಿ. ಎಂದರೆ ನೂರು ರೂಪಾಯಿಯಲ್ಲಿ ಒಂದೂಕಾಲು ರೂಪಾಯಿಯ ಬಗ್ಗೆ ಮಾತ್ರ ನಿವಾಸಿಗಳ ಮಾತು. ನೂರು ಮೂಟೆ ಕಾಫಿ ಬೆಳೆದವನಿಗೆ ಒಂದೂಕಾಲು ಮೂಟೆಯ ಬೆಲೆ ಹೇಳುವ ಸ್ವಾತಂತ್ರ್ಯ ಕೊಟ್ಟಂತೆ.

ಚುನಾಯಿತರಿಲ್ಲದ ವರ್ಷಗಳು

ಕೃಷ್ಣರಾಜಪುರದ ಸ್ಥಿತಿ ಇನ್ನೂ ವಿಚಾರಣೀಯವಾದುದು. ಅದಕ್ಕೆ ತನ್ನದೇ ನಗರಸಭೆ ಇತ್ತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಆ ನಗರಸಭೆ ಹೋಯಿತು. ಹೊಸ ಪಾಲಿಕೆಗೆ ಮೊದಲ ಚುನಾವಣೆ ನಡೆದದ್ದು 2010ರಲ್ಲಿ. ಎರಡನೆಯ ಚುನಾವಣೆ 2015ರಲ್ಲಿ ನಡೆದು, ಆ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅನಂತರ ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. 2025-26ರ ಸಾಲಿಗೆ ಸುಮಾರು 19,900 ಕೋಟಿ ರೂಪಾಯಿಯ ಆಯವ್ಯಯವನ್ನು ಅಧಿಕಾರಿಗಳೇ ಮಂಡಿಸಿದರು. ವಾರ್ಡ್ ಸಮಿತಿಗೆ ಅಧ್ಯಕ್ಷರಾಗಬೇಕಾದ ಚುನಾಯಿತ ಸದಸ್ಯರೇ ಇಲ್ಲದಿದ್ದಾಗ, ಸಮಿತಿಯ ಠರಾವನ್ನು ಎತ್ತಿ ಹಿಡಿಯುವವರು ಯಾರು?

2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯಿದೆಯಂತೆ 2025ರ ಸೆಪ್ಟೆಂಬರಿನಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ವಿಂಗಡಿಸಲಾಯಿತು. ಶಿವಾಜಿನಗರ, ಹಲಸೂರು, ಇಂದಿರಾನಗರಗಳು ಕೇಂದ್ರ ಪಾಲಿಕೆಗೆ, ಕೃಷ್ಣರಾಜಪುರವು ಪೂರ್ವ ಪಾಲಿಕೆಗೆ ಸೇರಿದವು. ವಾರ್ಡುಗಳ ಸಂಖ್ಯೆ 369ಕ್ಕೆ ಏರಿತು. ವಾರ್ಡು ಚಿಕ್ಕದಾದರೆ ಆಡಳಿತ ಹತ್ತಿರವಾಗಬಹುದು. ಆದರೆ ಹತ್ತಿರ ಬಂದ ಆಡಳಿತದ ಕೈಯಲ್ಲಿ ಹಣವೂ ಇರಬೇಕು, ಅದನ್ನು ಕೇಳುವ ಜನರೂ ಇರಬೇಕು.

ಮಾತು ನಡೆಯದಿದ್ದರೆ ಏನಾಗುತ್ತದೆಂಬುದಕ್ಕೆ ಒಂದೇ ದೃಷ್ಟಾಂತ ಸಾಕು. 2007ರಲ್ಲಿ ಸೇರಿದ 110 ಹಳ್ಳಿಗಳಲ್ಲಿ ಕೃಷ್ಣರಾಜಪುರದ ಪಕ್ಕದ ಹೊರಮಾವು ಸಹ ಒಂದು. ಆ ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ ಹದಿನೇಳು ವರ್ಷ ಅಲ್ಲಿನವರು ನಗರದ ತೆರಿಗೆ ಕಟ್ಟುತ್ತ, ಕೊಳವೆ ಬಾವಿ ಮತ್ತು ಟ್ಯಾಂಕರನ್ನು ನೆಚ್ಚಿ ದಿನ ದೂಡಿದರು.

ಯಾರು ಬರುತ್ತಾರೆ, ಯಾರು ಬರುವುದಿಲ್ಲ

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬಡಾವಣೆಯ ಸ್ವಂತ ಮನೆಯವರು ಸಂಘ ಕಟ್ಟಿಕೊಂಡು ಸಭೆಗೆ ಬರಬಲ್ಲರು. ಶಿವಾಜಿನಗರದ ಗಲ್ಲಿಯಲ್ಲಿ ಬಾಡಿಗೆಗಿರುವ ಕೂಲಿಯವನಿಗೆ ಶನಿವಾರವೂ ದುಡಿಮೆಯ ದಿನವೇ. ಬಂದವರ ಬೇಡಿಕೆಯೇ ಊರಿನ ಬೇಡಿಕೆಯೆನಿಸಿದರೆ ಉದ್ಯಾನಕ್ಕೆ ಹಣ ದೊರೆತು, ಚರಂಡಿ ಹಾಗೆಯೇ ಉಳಿದೀತು. ಕಾಫಿ ಬೆಳೆಯುವ ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಲ್ಲಿ ಆರಂಭವಾದ ಜನರ ಆಯವ್ಯಯ ಪದ್ಧತಿ ಹೆಸರಾದದ್ದು, ಬಡ ಕೇರಿಗಳ ಜನರೇ ಸಭೆಗಳಿಗೆ ಬಂದು, ನೀರು ಮತ್ತು ಒಳಚರಂಡಿ ಮೊದಲಾಗಬೇಕೆಂದು ಹೇಳಿ, ಅದನ್ನು ಮಾಡಿಸಿಕೊಂಡದ್ದರಿಂದ. ಕೇಳಿದ ಕೆಲಸ ಆಗುತ್ತದೆಂಬ ನಂಬಿಕೆ ಹುಟ್ಟಿದಲ್ಲಿ ಜನ ಬರುತ್ತಾರೆ.

ನಮ್ಮ ಊರಿನಲ್ಲಿ

ಈಗ ನಮ್ಮ ಕಡೆ ತಿರುಗೋಣ. 1993ರ ಪಂಚಾಯತ್ ರಾಜ್ ಕಾಯಿದೆ ನಮಗೆ ವಾರ್ಡ್ ಸಭೆ, ಗ್ರಾಮ ಸಭೆಗಳನ್ನು ಕೊಟ್ಟಿದೆ. ಅಲ್ಲಿ ನಾಮಕರಣಗೊಂಡ ಹತ್ತು ಜನರಲ್ಲ, ಮತದಾರರೆಲ್ಲರೂ ಸದಸ್ಯರು. ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಕಾಮಗಾರಿಗಳ ಆದ್ಯತೆಯನ್ನೂ ಫಲಾನುಭವಿಗಳ ಪಟ್ಟಿಯನ್ನೂ ಸೂಚಿಸುವುದು ಅದರ ಕೆಲಸ. ಕೋರಂ ಎಷ್ಟು? ಮತದಾರರ ಹತ್ತನೆಯ ಒಂದು ಭಾಗ ಅಥವಾ 20 ಜನ, ಯಾವುದು ಕಡಮೆಯೋ ಅಷ್ಟು. ಎಂದರೆ ಇಪ್ಪತ್ತು ಜನ ಕೂತು ಇಡೀ ವಾರ್ಡಿನ ಮಾತನ್ನು ಬರೆದುಬಿಡಬಹುದು. ಆ ಇಪ್ಪತ್ತರಲ್ಲಿ ನಾವಿಲ್ಲದೆ, ತೋಟದ ದಾರಿಯ ಮೋರಿ ಮಳೆಗಾಲದಲ್ಲಿ ಕೊಚ್ಚಿಹೋದ ಮೇಲೆ ಪಂಚಾಯತಿಯನ್ನು ದೂರಿ ಪ್ರಯೋಜನವಿಲ್ಲ.

ಆದಕಾರಣ ಸದಸ್ಯರಲ್ಲಿ ನಮ್ಮ ಸೂಚನೆಗಳು ಇವು. ಸಭೆಗೆ ಹೋಗುವ ಮೊದಲು ಹಿಂದಿನ ಸಭೆಯ ನಡವಳಿಯ ನಕಲು ಕೇಳಿ. ಯಾವ ಕಾಮಗಾರಿಗೆ ಎಷ್ಟು ಹಣ ಮಂಜೂರಾಗಿ ಎಷ್ಟು ಖರ್ಚಾಯಿತೆಂದು ಬರವಣಿಗೆಯಲ್ಲಿ ಪಡೆಯಿರಿ. ಹತ್ತು ಬೇಡಿಕೆ ಹೇಳುವುದಕ್ಕಿಂತ, ಹತ್ತು ಮನೆಯವರು ಕೂಡಿ ಒಂದೇ ಬೇಡಿಕೆಯನ್ನು ಠರಾವಿಗೆ ಸೇರಿಸಿ. ಅಡಿಕೆ ಕೊಯ್ಲು, ಕಾಫಿ ಕೊಯ್ಲಿನ ದಿನಗಳಲ್ಲಿ ಸಭೆ ಗೊತ್ತಾದರೆ ದಿನ ಬದಲಿಸುವಂತೆ ಮುಂಚಿತವಾಗಿ ಬರೆದುಕೊಡಿ. ನಮ್ಮ ತೋಟದ ಕೆಲಸದವರೂ ಆ ಸಭೆಯ ಸದಸ್ಯರೇ. ಆ ದಿನ ಅವರಿಗೆ ಬಿಡುವು ಕೊಟ್ಟು, ಜೊತೆಗೇ ಕರೆದುಕೊಂಡು ಹೋಗುವುದು ನಮ್ಮ ಕರ್ತವ್ಯ.

ಬೆಂಗಳೂರಿನಲ್ಲಿರುವ ಮಕ್ಕಳಿಗೂ ಒಂದು ಮಾತು ತಿಳಿಸಿ: ತಮ್ಮ ವಾರ್ಡಿನ ಸಭೆ ಎಂದು, ಎಲ್ಲಿ ಎಂದು ವಿಚಾರಿಸಿ ಒಮ್ಮೆಯಾದರೂ ಹೋಗಿ ಕೂರಲಿ. ಕಂದಾಯದ ರಸೀತಿ ಜೋಪಾನವಾಗಿಡುವುದರ ಜೊತೆಗೆ, ಆ ಹಣ ಏನಾಯಿತೆಂದು ಕೇಳುವ ಅಭ್ಯಾಸವೂ ಮನೆಮನೆಗೆ ಬರಬೇಕಾಗಿದೆ.